ಎಡ ಮಗ್ಗುಲು

ದಸ್ತಗೀರ್ ಸಾಬರಿಗೆ ಎಡಗಿವಿ ಕೇಳಿಸುವುದಿಲ್ಲ.
ನಲವತ್ತು ವರ್ಷದ ಸುತ್ತಿಗೆ ಸದ್ದು ಅದನ್ನು ತಿಂದಿದೆ.
ಸಾಗರ ರಸ್ತೆಯ ಶೆಡ್ಡಿನಲ್ಲಿ ಅವರ ಬಲಕ್ಕೆ ನಿಂತು
ಕೂಗಿ ಹೇಳಿದೆ: ಹೆರಾಲ್ಡು, ಅರವತ್ತೊಂಬತ್ತರ ಮಾಡೆಲ್ಲು,
ಹಿಂದಿನ ಎಡ ಪ್ಯಾನೆಲ್ಲು ಎಲ್ಲೂ ಸಿಗುತ್ತಿಲ್ಲ.

ಅವರು ಉತ್ತರ ಕೊಡಲಿಲ್ಲ.
ಹಳೇ ಬನಿಯನ್ನಿನ ಚೂರು ಅಂಗೈಗೆ ಸುತ್ತಿ
ಕಣ್ಣು ಮುಚ್ಚಿ ತಗಡಿನ ಮೇಲೆ ಕೈಯಾಡಿಸಿದರು,
ಗಬ್ಬದ ಹಸುವಿನ ಹೊಟ್ಟೆ ಮುಟ್ಟಿ ನೋಡುವ ಹಾಗೆ.
ಒತ್ತಿದಲ್ಲಿ ಹೆಬ್ಬೆರಳು ಒಳಗೇ ಹೋಯಿತು.
ಬಣ್ಣ ಮಾತ್ರ ಇತ್ತು ಅಲ್ಲಿ. ಬಣ್ಣದ ಹಿಂದೆ
ನೆನೆದ ಹಪ್ಪಳದಂಥದೇನೋ.
"ಇದನ್ನ ಕಬ್ಬಿಣ ಅಂತೀರಾ ಅಮ್ಮಾ?"

ಹುಡುಕಿರಲಿಲ್ಲ ಅಂತಲ್ಲ.
ಕೊಯಮತ್ತೂರಿಗೆ ಫೋನು, ಪುಣೆಗೆ ಎರಡು ಸಲ ರಾತ್ರಿ ಬಸ್ಸು.
ಹುಬ್ಬಳ್ಳಿಯ ಗುಜರಿಯಲ್ಲಿ ಒಂದಿತ್ತು, ಮುಂಗಡ ಕೊಟ್ಟು ಬಂದೆ,
ಲಾರಿ ಮಾಡಿಕೊಂಡು ಹೋಗುವಷ್ಟರಲ್ಲಿ
ಅದು ತೂಕಕ್ಕೆ ಹೋಗಿತ್ತು.
ಕೊಪ್ಪದ ಹತ್ತಿರ ಒಬ್ಬಾಕೆ
ಹೆರಾಲ್ಡಿನದೇ ಎಡ ಮಗ್ಗುಲನ್ನು ಕೋಳಿಗೂಡಿಗೆ ಹೊದಿಸಿದ್ದಳು.
"ಈಗ ತೆಗೆಯೋಕಾಗಲ್ಲ, ಕಾವಿಗೆ ಕೂತಿದೆ" ಅಂದಳು.
ಅದೂ ನ್ಯಾಯವೇ.

ಅಪ್ಪ ಇದನ್ನು ಕೊಂಡದ್ದು ಶೋಕಿಗಲ್ಲ.
ಜಟ್ಟಪ್ಪ ಖಾರ್ವಿಗೆ ಶೋಕಿಯೆಂದರೆ ಎರಡನೇ ಲೋಟ ಚಹಾ.
ಹಿಂದಿನ ಸೀಟು ಕಿತ್ತು ಬುಟ್ಟಿ ಪೇರಿಸುತ್ತಿದ್ದರು,
ಹೊನ್ನಾವರದ ಬಂಗುಡೆ, ಸೀಗಡಿ,
ಉಪ್ಪಲ್ಲಿ ಮುಳುಗೆದ್ದ, ಅರೆಬರೆ ಒಣಗಿದ ತೊರಕೆ.
ಶಾಲೆಗೆ ರಜೆಯಿದ್ದರೆ ಮುಂದಿನ ಸೀಟಲ್ಲಿ ನಾನು.
ಗೇರುಸೊಪ್ಪೆಯಿಂದ ಸಾಗರದವರೆಗೆ
ಯಾರೂ ಲಿಫ್ಟು ಕೇಳಿದ್ದು ನೆನಪಿಲ್ಲ.
ರಸ್ತೆ ವಾಲುವುದು ಚರಂಡಿಯ ಕಡೆಗೆ;
ಬುಟ್ಟಿಯ ನೀರು ಹನಿಹನಿಯಾಗಿ ಎಡಕ್ಕೇ ಇಳಿಯುತ್ತಿತ್ತು.

ಮಾಲತೇಶ, ಕೈಕೆಲಸದ ಹುಡುಗ,
ಸಹಕಾರಿ ಬ್ಯಾಂಕಿನ ಕ್ಯಾಲೆಂಡರು ಹಾಳೆ ಅಂಟಿಸಿ ಅಂಟಿಸಿ
ಬಲ ಮಗ್ಗುಲಿನ ಅಚ್ಚು ತೆಗೆದ. ಮಗುಚಿ ಎಡಕ್ಕೆ ಹಿಡಿದ.
ಕೂಡಲಿಲ್ಲ.
ಕೆಳಗೆ ಕಾಲಿಂಚು ಸಂದು, ಗಾಲಿಯ ಕಮಾನಿನಲ್ಲಿ
ಏಪ್ರಿಲ್ ತಿಂಗಳು ಮಡಚಿಕೊಂಡಿತು.
"ಮದ್ರಾಸಲ್ಲಿ ಎಡ ಬಡಿದವನು ಬೇರೆ, ಬಲ ಬಡಿದವನು ಬೇರೆ,"
ಅಂದರು ಸಾಬರು, "ಫೋಟೋ ಇದೆಯಾ?"
ಇದ್ದವು ಆರು. ಆರೂ ಬಲದಿಂದ ತೆಗೆದವು.
ಎಡಕ್ಕೆ ಕಲೆಯಿತ್ತಲ್ಲ.

ಕೊಳೆತದ್ದನ್ನು ಕತ್ತರಿಸುವ ದಿನ
ಗ್ಯಾಸಿನ ನೀಲಿ ನಾಲಿಗೆ ಒಳಗಿನ ಬೆಸುಗೆಗೆ ತಾಗಿದ್ದೇ
ಹಳದಿಯಾಯಿತು. ಚೆಂಡುಹೂವಿನ ಹಳದಿ.
ಮಾಲತೇಶ ಕಿವಿ ತಿರುಗಿಸಿದ, ಕೊಳವೆ ಕುಟ್ಟಿದ,
ಇಲ್ಲ, ಹಳದಿಯೇ.
ಸಾಬರು ಕನ್ನಡಕ ಹಣೆಗೇರಿಸಿ
"ಉಪ್ಪು" ಅಂದರು.

ಮೂವತ್ತೈದು ವರ್ಷದ ಉಪ್ಪು.
ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ;
ಈ ಬಡಪಾಯಿ ಅಪ್ಪನ ಉಪ್ಪು ತಿಂದು
ಘಟ್ಟದ ನೀರಷ್ಟೂ ಕುಡಿದಿದೆ.
ನಾನೂ ತಿಂದಿದ್ದೇನೆ.
ಹಾಸ್ಟೆಲ್ಲಿನ ಫೀಸು, ಕಿವಿಯೋಲೆ, ಮೊದಲ ವಾಚು.
ಬೆಂಕಿಯಲ್ಲಿ ನಿಂತರೆ ನನ್ನಿಂದಲೂ
ಆ ಬಣ್ಣ ಬಂದೀತು.

ಇಪ್ಪತ್ತು ಗೇಜಿನ ತಗಡು, ಹುಣಸೆ ಕೊರಡಿನ ಗುಳಿ,
ಮರಳಿನ ಚೀಲ. ಒಂಬತ್ತು ದಿನ ಬಡಿದರು.
ಹತ್ತನೆಯ ದಿನ ಅದನ್ನು ನಾಲ್ಕು ಕಡೆ ಕಚ್ಚಿಸಿ
ನನ್ನ ಕಡೆ ನೋಡಿದರು. "ನೀವು ಹೇಳಬೇಕು."
ನಾನೇನು ಹೇಳಲಿ?
ಮೀನು ಮಾರ್ಕೆಟ್ಟಿನ ಬಿಸಿಲಲ್ಲಿ
ಅಪ್ಪ ಲೆಕ್ಕ ಮುಗಿಸಿ ಬರುವವರೆಗೆ
ಈ ಮಗ್ಗುಲಿಗೆ ಒರಗಿ ನಿಲ್ಲುತ್ತಿದ್ದೆ, ಅಷ್ಟೇ.
"ಹಾಗಾದರೆ ಒರಗಿ."

ಒರಗಿದೆ.
ಹತ್ತು ವರ್ಷದವಳ ಎತ್ತರಕ್ಕೆ ಇಳಿಯಲು
ಮೊಣಕಾಲು ಮಡಚಬೇಕಾಯಿತು, ಅವು ಲಟಕ್ಕೆಂದವು.
ತಗಡು ಇನ್ನೂ ಬೆಚ್ಚಗಿತ್ತು.
ಬೆನ್ನು ಅತ್ತಿತ್ತ ಸರಿದು ಜಾಗ ಹುಡುಕಿತು,
ಎಡ ಹೆಗಲೆಲುಬಿನ ಕೆಳಗೆ ಏನೋ ಒತ್ತಿತು.

ಒಂದು ನೂಲು ಒಳಗೆ ಹೋಗಬೇಕು, ಅಂದೆ.
ಅವರು ಸುಮ್ಮನಿದ್ದರು.
ಮರೆತು ಅವರ ಎಡಕ್ಕೆ ಕೂತಿದ್ದೆ.
ಎದ್ದು, ಸೀರೆ ಕೊಡವಿ, ಬಲಕ್ಕೆ ಹೋಗಿ
ಮತ್ತೆ ಹೇಳಿದೆ.